ಮಿಲಿಟರಿ ತಕ್ಕಡಿಗೂ ವಯಸ್ಸಾಗುತ್ತದೆ!

ಸಂತೇಪೇಟೆಯ ಯಾವ ದಿನಸಿ ಅಂಗಡಿಗಾದರೂ ಹೋಗಿ ನೋಡಿ. ಬೆಲ್ಲದ ಅಚ್ಚಿನ ಪಕ್ಕದಲ್ಲಿ ತಕ್ಕಡಿ, ತಕ್ಕಡಿಯ ಪಕ್ಕದಲ್ಲಿ ತೂಕದ ಬಟ್ಟು, ಬಟ್ಟಿನ ಮೈಮೇಲೆ ಸರ್ಕಾರದ ಮುದ್ರೆ. ಕಬ್ಬಿಣದ ಬಟ್ಟಿಗೂ ಕೈತಕ್ಕಡಿಗೂ ಎರಡು ವರ್ಷಕ್ಕೊಮ್ಮೆ, ಕರೆಂಟಿನ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಬೀಳಲೇಬೇಕು. ಇಲ್ಲದಿದ್ದರೆ ದಂಡ. “ವರ್ಷ ವರ್ಷ ಇದೊಂದು ಕಾಟ ಕಣ್ರೀ” ಎಂದು ವರ್ತಕರು ಗೊಣಗುತ್ತಾರೆ. ಗೊಣಗುತ್ತಲೇ ಹೋಗಿ ಹಾಕಿಸಿಕೊಂಡು ಬರುತ್ತಾರೆ.

ಮುದ್ರೆ ಹಾಕುವ ಇನ್ಸ್‌ಪೆಕ್ಟರ ಬಳಿ ಇರುವ ಬಟ್ಟಿಗೂ ಪರೀಕ್ಷೆಯಿದೆ. ಅದನ್ನು ಅದಕ್ಕಿಂತ ಕರಾರುವಾಕ್ಕಾದ ಇನ್ನೊಂದು ಬಟ್ಟಿನ ಜೊತೆ ತೂಗಿ ನೋಡುತ್ತಾರೆ. ಅದರ ಮೇಲೆ ಮತ್ತೊಂದು. ಹೀಗೆ ಮೆಟ್ಟಿಲು ಹತ್ತುತ್ತ ಹೋದರೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಸಿಗುತ್ತದೆ. ದೇಶದ ಕಿಲೋಗ್ರಾಮಿಗೆ ದಶಕಗಳ ಕಾಲ ಆಧಾರವಾಗಿದ್ದ 57ನೇ ನಂಬರಿನ ಬಟ್ಟು ಇರುವುದು ಅಲ್ಲಿ. ಅರ್ಧ ಕೆ.ಜಿ. ತೊಗರಿಬೇಳೆ ಕಟ್ಟಿಸಿಕೊಂಡು ಸಿಟಿ ಬಸ್ಸು ಹತ್ತುವ ಹೆಂಗಸಿಗೆ ಇದೊಂದೂ ಗೊತ್ತಿರಬೇಕಾಗಿಲ್ಲ. ಆ ಮೆಟ್ಟಿಲುಗಳು ಗಟ್ಟಿಯಾಗಿರುವುದರಿಂದಲೇ ಆಕೆ ನೆಮ್ಮದಿಯಾಗಿ ಬಸ್ಸು ಹತ್ತುತ್ತಾಳೆ.

ಮಿಲಿಟರಿಗೂ ತಕ್ಕಡಿಗಳಿವೆ. ಅವು ಬೇಳೆ ಬೆಲ್ಲ ತೂಗುವುದಿಲ್ಲ. ರಾಡಾರು ನೋಡಬೇಕಾದಷ್ಟು ದೂರ ನೋಡುತ್ತಿದೆಯೇ, ವಿಮಾನದ ರೇಡಿಯೋ ಸರಿಯಾದ ಅಲೆಯ ಮೇಲೆ ಮಾತಾಡುತ್ತಿದೆಯೇ, ಕ್ಷಿಪಣಿಯ ಹೊಟ್ಟೆಯೊಳಗಿನ ತಂತಿಗಳಲ್ಲಿ ಕರೆಂಟು ಹರಿಯಬೇಕಾದಷ್ಟೇ ಹರಿಯುತ್ತಿದೆಯೇ ಎಂದು ತೂಗಿ ಹೇಳುತ್ತವೆ. ಕಾಗದದ ಮೇಲೆ ಇವು ‘ಪರೀಕ್ಷಾ ಉಪಕರಣಗಳು’. ವರ್ಕ್‌ಶಾಪಿನ ಬಾಯಲ್ಲಿ ಟೆಸ್ಟಿಂಗ್ ಸೆಟ್ಟು.

2019ರ ಅಕ್ಟೋಬರಿನಲ್ಲಿ ಫ್ರಾನ್ಸಿನಲ್ಲಿ ಮೊದಲ ರಫೇಲ್ ವಿಮಾನ ಕೈಗೆ ಬಂದಾಗ ರಕ್ಷಣಾ ಮಂತ್ರಿಗಳು ಅದಕ್ಕೆ ಪೂಜೆ ಮಾಡಿದರು, ಗಾಲಿಯ ಕೆಳಗೆ ನಿಂಬೆಹಣ್ಣು ಇಡಿಸಿದರು. ದೇಶವೆಲ್ಲ ಫೋಟೋ ನೋಡಿತು. ಆದರೆ ಯಾವ ಟೆಸ್ಟಿಂಗ್ ಸೆಟ್ಟಿಗೂ ಯಾರೂ ನಿಂಬೆಹಣ್ಣು ಇಟ್ಟದ್ದು ಕಂಡಿಲ್ಲ. ಮೆರವಣಿಗೆಯಲ್ಲಿ ಆನೆಗೆ ಅಂಬಾರಿ, ಆನೆಯ ಕಾಲಿಗೆ ಎಣ್ಣೆ ಹಚ್ಚುವವನ ಹೆಸರು ಯಾರಿಗೂ ಬೇಡ.

ಮಾತಿನ ತಿರುಳು ಇಷ್ಟೇ. ಆಯುಧ ಹಳೆಯದಾದರೆ ಪಾರ್ಲಿಮೆಂಟಿನಲ್ಲಿ ಗದ್ದಲವಾಗುತ್ತದೆ. ಆಯುಧವನ್ನು ತೂಗುವ ತಕ್ಕಡಿ ಹಳೆಯದಾದರೆ ಸದ್ದೇ ಇರುವುದಿಲ್ಲ. ಅಪಾಯ ಹುಟ್ಟುವುದು ಆ ಸದ್ದಿಲ್ಲದ ಕಡೆಯಲ್ಲಿ.

ಸಿದ್ಧಾರ್ಥನಗರದ ಯಂತ್ರ

ದೂರದ ಉದಾಹರಣೆ ಯಾಕೆ? ಲಲಿತಮಹಲ್ ಕಡೆಯ ಬಸ್ಸು ಹತ್ತಿದವರಿಗೆ ಸಿದ್ಧಾರ್ಥನಗರ ಗೊತ್ತು. ಅಲ್ಲಿ ವಾಯುಪಡೆಯ ಆಯ್ಕೆ ಮಂಡಳಿಯಿದೆ. ನಾನಾ ರಾಜ್ಯಗಳ ಹುಡುಗರು ಸೂಟ್‌ಕೇಸು ಹಿಡಿದು ಮೈಸೂರು ರೈಲ್ವೆ ಸ್ಟೇಷನ್ನಿನಲ್ಲಿ ಇಳಿಯುವುದು, ಕೆಲವು ದಿನ ಕಳೆದು ಕೆಲವರು ನಗುತ್ತ, ಬಹಳ ಜನ ತಲೆತಗ್ಗಿಸಿ ಅದೇ ರೈಲು ಹತ್ತುವುದು ಈ ಊರಿಗೆ ಹಳೆಯ ನೋಟ.

ಪೈಲಟ್ ಆಗಬೇಕೆಂದವರಿಗೆ ಇಲ್ಲಿ ದಶಕಗಳ ಕಾಲ ಒಂದು ವಿಶೇಷ ಪರೀಕ್ಷೆಯಿತ್ತು. ಪಿ.ಎ.ಬಿ.ಟಿ. ಎಂದು ಹೆಸರು. ಅದರಲ್ಲೊಂದು ಭಾಗ ಪೆನ್ಸಿಲ್ಲು ಕಾಗದದ್ದು: ವಿಮಾನದ ಗಡಿಯಾರಗಳಂಥ ಮಾಪಕಗಳನ್ನು ಓದಿ ಉತ್ತರ ಬರೆಯಬೇಕು. ಉಳಿದದ್ದು ಯಂತ್ರದ ಮುಂದೆ. ಕೈಯಲ್ಲೊಂದು ಕೋಲು, ಕಾಲಿಗೆರಡು ಪೆಡಲು, ಕಣ್ಣೆದುರು ಅತ್ತಿತ್ತ ಓಡುವ ಬೆಳಕಿನ ಚುಕ್ಕೆ. ಅದನ್ನು ನಡುವೆ ಹಿಡಿದು ನಿಲ್ಲಿಸಬೇಕು. ಇನ್ನೊಂದರಲ್ಲಿ ಸರಿಯುತ್ತ ಬರುವ ಚುಕ್ಕೆಗಳ ಸಾಲನ್ನು ಹಿಡಿಕೆ ತಿರುಗಿಸಿ ಬೆನ್ನಟ್ಟಬೇಕು. ಕೈ, ಕಾಲು, ಕಣ್ಣು ಒಟ್ಟಿಗೆ ಕೆಲಸ ಮಾಡುತ್ತವೆಯೇ ಎಂದು ತೂಗುವ ತಕ್ಕಡಿ ಅದು.

ನಿಯಮ ಕಠಿಣವಾಗಿತ್ತು. ಪಿ.ಎ.ಬಿ.ಟಿ. ಜನ್ಮಕ್ಕೊಂದೇ ಸಲ. ಫೇಲಾದವನು ಮತ್ತೆ ಪೈಲಟ್ ಕೆಲಸದ ಕಡೆ ತಲೆ ಹಾಕುವಂತಿರಲಿಲ್ಲ. ಎಸ್ಸೆಸ್ಸೆಲ್ಸಿ ಫೇಲಾದವನಿಗೆ ಇನ್ನೊಂದು ಪರೀಕ್ಷೆ ಇದೆ, ಲೈಸೆನ್ಸ್ ಟೆಸ್ಟಿನಲ್ಲಿ ಎಂಟು ಹಾಕಲು ತಪ್ಪಿದವನಿಗೆ ಇನ್ನೊಂದು ದಿನವಿದೆ. ಇಲ್ಲಿ ಅದೇನೂ ಇಲ್ಲ.

ಈಗ ಯೋಚಿಸಬೇಕಾದ ಪ್ರಶ್ನೆ: ಜನ್ಮಕ್ಕೊಂದೇ ಸಲ ತೂಗುವ ತಕ್ಕಡಿಯನ್ನು ಎಷ್ಟು ಜೋಪಾನವಾಗಿ ಇಟ್ಟುಕೊಳ್ಳಬೇಕು? ಪೆಡಲಿನ ಸ್ಪ್ರಿಂಗು ಸವೆಯುತ್ತದೆ. ಕೋಲಿನ ಬುಡದಲ್ಲಿ ಆಟ ಹೆಚ್ಚುತ್ತದೆ. ಯಂತ್ರ ಆಗಲೂ ಅಂಕ ಕೊಡುತ್ತಲೇ ಇರುತ್ತದೆ. ಮೈಸೂರಿನ ಯಂತ್ರ, ಡೆಹ್ರಾಡೂನಿನ ಯಂತ್ರ, ವಾರಾಣಸಿಯ ಯಂತ್ರ ಒಂದೇ ಕೈಗೆ ಒಂದೇ ಅಂಕ ಕೊಡಬೇಕು. ಹಾಗಿರಬೇಕಾದರೆ ಮೂರು ಊರಿನಲ್ಲೂ ಎಣ್ಣೆ ಬಿಡುವವನು, ಅಳೆದು ನೋಡುವವನು, ಪುಸ್ತಕದಲ್ಲಿ ತಾರೀಖು ಬರೆಯುವವನು ಒಂದೇ ಶ್ರದ್ಧೆಯವನಾಗಿರಬೇಕು. ಹುಡುಗನ ಹಣೆಬರಹ ಬರೆಯುವುದರಲ್ಲಿ ಆ ಮೆಕ್ಯಾನಿಕ್ಕಿಗೂ ಪಾಲಿದೆ.

2010ರ ದಶಕದಲ್ಲಿ ಆ ಯಂತ್ರಗಳ ಜಾಗಕ್ಕೆ ಕಂಪ್ಯೂಟರಿನ ವ್ಯವಸ್ಥೆ ಬಂತು. ಸಿ.ಪಿ.ಎಸ್.ಎಸ್. ಎಂದು ಕರೆಯುತ್ತಾರೆ. ಡಿ.ಆರ್.ಡಿ.ಓ.ದ ಮನೋವಿಜ್ಞಾನ ಸಂಸ್ಥೆ ಮತ್ತು ಬೆಂಗಳೂರಿನ ಎ.ಡಿ.ಇ. ಪ್ರಯೋಗಾಲಯ ಸೇರಿ ಮಾಡಿದ್ದು. ಬದಲಾಯಿಸಿದ್ದು ಸರಿಯೇ. ಆದರೆ ಹೊಸದು ಬಂತು ಎಂದು ಚಿಂತೆ ತೀರುವುದಿಲ್ಲ. ಕಬ್ಬಿಣದ ಯಂತ್ರ ದಶಕಗಟ್ಟಲೆ ಬಾಳಿತು. ಹತ್ತು ವರ್ಷದ ಹಿಂದಿನ ಕಂಪ್ಯೂಟರನ್ನು ರಿಪೇರಿಗೆ ಕೊಟ್ಟರೆ ಅಂಗಡಿಯವನೇ “ಇದರ ಪಾರ್ಟು ಈಗ ಬರಲ್ಲ ಸಾರ್, ಹೊಸದೇ ತಗೊಳ್ಳಿ” ಅನ್ನುತ್ತಾನೆ. ಹೊಸ ತಕ್ಕಡಿಗೆ ಹಳೆಯ ತಕ್ಕಡಿಗಿಂತ ಬೇಗ ವಯಸ್ಸಾಗುತ್ತದೆ. ಇದು ಎಲೆಕ್ಟ್ರಾನಿಕ್ ಕಾಲದ ವಿಚಿತ್ರ.

ಯೆಜ್ಡಿ ನ್ಯಾಯ ಇಲ್ಲಿ ನಡೆಯದು

ಹಳೆಯ ಯಂತ್ರ ಓಡಿಸುವುದರಲ್ಲಿ ಮೈಸೂರಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಹೊರಟ ಜಾವಾ, ಯೆಜ್ಡಿ ಬೈಕುಗಳು ಮಾತ್ರ ಇನ್ನೂ ಗುಡುಗುಡು ಎನ್ನುತ್ತ ಓಡಾಡುತ್ತಿವೆ. ಪಾರ್ಟು ಸಿಗದಿದ್ದರೆ ಲೇತಿನ ಮೇಲೆ ಕಡೆದು ಕೂರಿಸುವವರಿದ್ದಾರೆ. ಕಾರ್ಖಾನೆ ಸತ್ತರೂ ಗಾಡಿ ಸಾಯಲಿಲ್ಲ, ಯಾಕೆಂದರೆ ಕೈಕಸುಬು ಸಾಯಲಿಲ್ಲ.

ಮಿಲಿಟರಿಯ ಸಂಕಟವೂ ಮೇಲ್ನೋಟಕ್ಕೆ ಇಂಥದ್ದೇ. 1963ರಲ್ಲಿ ವಾಯುಪಡೆಗೆ ಬಂದ ಮಿಗ್-21 ಸೇವೆಯಿಂದ ಇಳಿದದ್ದು 2025ರ ಸೆಪ್ಟೆಂಬರ್ 26ರಂದು. 62 ವರ್ಷ! ನಡುವೆ 1991ರಲ್ಲಿ ಅದನ್ನು ಕೊಟ್ಟ ಸೋವಿಯತ್ ದೇಶವೇ ಇಲ್ಲವಾಯಿತು. 1979ರಲ್ಲಿ ಬಂದ ಜಾಗ್ವಾರ್ ಜಗತ್ತಿನ ಬೇರೆಲ್ಲ ಕಡೆ ನಿವೃತ್ತಿಯಾಗಿದೆ, ಭಾರತದಲ್ಲಿ ಮಾತ್ರ ಹಾರುತ್ತಿದೆ. ವಿಮಾನ ಇಷ್ಟು ದಿನ ಹಾರಬೇಕಾದರೆ ಅದರ ರೇಡಿಯೋ, ರಾಡಾರು, ಆಟೋಪೈಲಟ್ಟುಗಳನ್ನು ತೂಗುವ ಸೆಟ್ಟುಗಳೂ ಅಷ್ಟೇ ದಿನ ಬದುಕಿರಬೇಕು. ವಿಮಾನಕ್ಕೆ ಆಯಸ್ಸು ಬರೆದವರು ಸೆಟ್ಟಿಗೆ ಬರೆಯಲಿಲ್ಲ.

ಆದರೆ ಯೆಜ್ಡಿಗೂ ಇದಕ್ಕೂ ಎರಡು ವ್ಯತ್ಯಾಸ. ಒಂದು, ಪಿಸ್ಟನ್ನನ್ನು ಲೇತಿನಲ್ಲಿ ಕಡೆಯಬಹುದು, ಐ.ಸಿ. ಎಂಬ ಉಗುರಿನಷ್ಟು ಚಿಪ್ಪನ್ನು ಕಡೆಯಲಾಗದು. ಅದನ್ನು ಮಾಡುವ ಕಂಪನಿ ಕೆಲವು ವರ್ಷ ಮಾಡಿ ನಿಲ್ಲಿಸಿಬಿಡುತ್ತದೆ. ಟಿ.ವಿ., ಮೊಬೈಲಿನವರು ಲಕ್ಷಗಟ್ಟಲೆ ಕೊಳ್ಳುತ್ತಾರೆ. ವಾಯುಪಡೆಗೆ ಬೇಕಾದದ್ದು ಇಪ್ಪತ್ತೋ ಮೂವತ್ತೋ. ಇಪ್ಪತ್ತು ಚಿಪ್ಪಿಗಾಗಿ ಕಾರ್ಖಾನೆ ಓಡಿಸಲು ಯಾರಿಗೆ ಪುರಸೊತ್ತು?

ಎರಡನೆಯ ವ್ಯತ್ಯಾಸ ಇನ್ನೂ ದೊಡ್ಡದು. ಯೆಜ್ಡಿ ಕೆಟ್ಟರೆ ರಸ್ತೆಯ ಮಧ್ಯೆ ನಿಲ್ಲುತ್ತದೆ, ಕೆಟ್ಟಿದೆ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ತಕ್ಕಡಿ ಕೆಟ್ಟರೆ ನಿಲ್ಲುವುದಿಲ್ಲ. ಸುಳ್ಳು ಹೇಳುತ್ತದೆ. ಮುಳ್ಳು ಆಡುತ್ತಲೇ ಇರುತ್ತದೆ, ಅಂಕಿ ಮೂಡುತ್ತಲೇ ಇರುತ್ತದೆ. ಒಳ್ಳೆಯದನ್ನು ಕೆಟ್ಟದ್ದು ಎಂದರೆ ಹಣ ಹಾಳು. ಕೆಟ್ಟದ್ದನ್ನು ಒಳ್ಳೆಯದು ಎಂದರೆ ಪ್ರಾಣ ಹಾಳು.

ಒಳಗೆ ಏನು ಕೆಡುತ್ತದೆ?

ರೇಡಿಯೋ ರಿಪೇರಿ ಮಾಡಿದವರಿಗೆ ಈ ಕಥೆ ಹೊಸದಲ್ಲ. ಮೊದಲು ಹೋಗುವುದು ಕಂಡೆನ್ಸರ್. ಅದರೊಳಗಿನ ರಸ ವರ್ಷ ಕಳೆದಂತೆ ಒಣಗುತ್ತದೆ. ಸೆಟ್ಟನ್ನು ಉಪಯೋಗಿಸದೆ ಕಪಾಟಿನಲ್ಲಿ ಇಟ್ಟರೂ ಬಿಡುವುದಿಲ್ಲ. ಬಹಳ ದಿನ ಸುಮ್ಮನಿದ್ದದ್ದಕ್ಕೆ ಒಮ್ಮೆಲೇ ಕರೆಂಟು ಕೊಟ್ಟರೆ ‘ಟಪ್’ ಎನ್ನುವುದೂ ಉಂಟು. ರಿಲೇಗಳ ಬಾಯಿಗೆ ಕಿಲುಬು ಹಿಡಿಯುತ್ತದೆ. ಸಣ್ಣ ಬ್ಯಾಟರಿ ಸೋರಿ ಪಕ್ಕದ ತಾಮ್ರದ ಗೆರೆಗಳನ್ನು ತಿಂದು ಹಾಕುತ್ತದೆ. ಪಿಕ್ಚರ್ ಟ್ಯೂಬಿನ ಪರದೆ ಮಂಕಾಗುತ್ತದೆ.

ಕಣ್ಣಿಗೆ ಕಾಣದ್ದು ಇನ್ನೊಂದಿದೆ: ನೆನಪು. ಹಳೆಯ ಸೆಟ್ಟುಗಳ ‘ಬುದ್ಧಿ’ಯನ್ನು ಬರೆದಿಟ್ಟಿರುವುದು ಮೆಮೊರಿ ಚಿಪ್ಪುಗಳಲ್ಲಿ, ಟೇಪಿನಲ್ಲಿ, ಫ್ಲಾಪಿಯಲ್ಲಿ. ಮೆಮೊರಿ ಚಿಪ್ಪು ಬಂಡೆಯ ಮೇಲಿನ ಶಾಸನವಲ್ಲ. ದಶಕಗಳು ಉರುಳಿದಂತೆ ಒಳಗಿನ ವಿದ್ಯುತ್ತು ನಿಧಾನವಾಗಿ ಸೋರಿಹೋಗಿ ಬರೆದದ್ದು ಅಳಿಯಬಹುದು. ಸಮಯವಿದ್ದಾಗ ನಕಲು ಮಾಡಿಕೊಂಡವನು ಬಚಾವ್. ಇಲ್ಲದವನ ಬಳಿ ಉಳಿಯುವುದು ಬರಿಯ ಡಬ್ಬ.

ಕೊನೆಯದಾಗಿ ಮನುಷ್ಯರು. “ಈ ಸೆಟ್ಟಿನ ಬಲಗಡೆ ಗುಂಡಿಯನ್ನು ಸ್ವಲ್ಪ ಎಡಕ್ಕೆ ಒತ್ತಿ ಹಿಡೀಬೇಕು, ಬಿಸಿ ಏರೋಕೆ ಅರ್ಧ ಗಂಟೆ ಬಿಡಬೇಕು” ಎಂಬಂಥ ಮಾತು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಅದು ಹಿರಿಯ ಟೆಕ್ನಿಷಿಯನ್ನಿನ ತಲೆಯಲ್ಲಿರುತ್ತದೆ. ಅವರು ನಿವೃತ್ತರಾಗಿ ಶಾಲು ಹೊದೆಸಿಕೊಂಡು ಮನೆಗೆ ಹೋದ ದಿನ ಸೆಟ್ಟಿನ ಅರ್ಧ ಆಯಸ್ಸೂ ಅವರ ಹಿಂದೆಯೇ ಹೋಗುತ್ತದೆ.

ತಕ್ಕಡಿ ನಂಬಿ ಕೆಟ್ಟವರು

ಇದೆಲ್ಲ ಬಡ ದೇಶದ ಗೋಳು ಎಂದು ತಿಳಿಯಬಾರದು. ಅಮೆರಿಕದವರು 1990ರ ಏಪ್ರಿಲಿನಲ್ಲಿ ಹಬಲ್ ಎಂಬ ಭಾರಿ ದೂರದರ್ಶಕವನ್ನು ಆಕಾಶಕ್ಕೆ ಕಳಿಸಿದರು. ಕಣ್ಣು ತೆರೆದು ನೋಡಿದರೆ ಚಿತ್ರವೆಲ್ಲ ಮಸುಕು. ಕನ್ನಡಿ ಉಜ್ಜಿದ ಕಂಪನಿಯವರು ಕಳ್ಳತನ ಮಾಡಿರಲಿಲ್ಲ, ಸೋಮಾರಿಗಳೂ ಅಲ್ಲ. ಕನ್ನಡಿಯನ್ನು ಪರೀಕ್ಷಿಸುವ ಉಪಕರಣದಲ್ಲಿ ಒಂದು ಮಸೂರ 1.3 ಮಿಲಿಮೀಟರ್ ಆಚೀಚೆ ಕೂತಿತ್ತು. ಆ ತಪ್ಪು ತಕ್ಕಡಿಗೆ ಸರಿಹೋಗುವಂತೆ ಕನ್ನಡಿಯನ್ನು ಅತ್ಯಂತ ನಿಷ್ಠೆಯಿಂದ ತಪ್ಪಾಗಿ ಉಜ್ಜಿದರು! ಅಷ್ಟು ಕರಾರುವಾಕ್ಕಲ್ಲದ ಬೇರೆ ಉಪಕರಣಗಳು ಏನೋ ಸರಿಯಿಲ್ಲ ಎಂದು ತೋರಿಸಿದ್ದವು. ದೊಡ್ಡ ತಕ್ಕಡಿಯ ಮಾತಿನ ಮುಂದೆ ಸಣ್ಣ ತಕ್ಕಡಿಗಳ ಮಾತು ನಡೆಯಲಿಲ್ಲ.

ಕಥೆಯ ಎರಡನೆಯ ಭಾಗ ಹೆಚ್ಚು ಮುಖ್ಯ. ಅದೃಷ್ಟಕ್ಕೆ ಆ ಪರೀಕ್ಷಾ ಉಪಕರಣವನ್ನು ಗುಜರಿಗೆ ಹಾಕಿರಲಿಲ್ಲ. ವರ್ಷಗಳ ಮೇಲೂ ಬಿಚ್ಚದೆ ಹಾಗೆಯೇ ಇಟ್ಟಿದ್ದರು. ತನಿಖೆಯವರು ಅದನ್ನು ಅಳೆದರು, ತಪ್ಪು ಎಷ್ಟು ಎಂದು ಕೂದಲೆಳೆಯಷ್ಟು ಖಚಿತವಾಗಿ ಗೊತ್ತಾಯಿತು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ದೂರದರ್ಶಕಕ್ಕೆ ಒಂದು ಬಗೆಯ ಕನ್ನಡಕ ತೊಡಿಸಿ ಬಂದರು. ಹಳೆಯ ತಕ್ಕಡಿಯನ್ನು ಕಾಪಾಡಿದ್ದರಿಂದ ಹೊಸ ದೂರದರ್ಶಕದ ಮಾನ ಉಳಿಯಿತು.

ಮೂರು ದಾರಿ, ಮೂರರಲ್ಲೂ ಮುಳ್ಳು

ಹಳೆಯ ಸೆಟ್ಟಿಗೆ ಪಾರ್ಟು ಸಿಗದಿದ್ದಾಗ ವರ್ಕ್‌ಶಾಪುಗಳ ಮುಂದೆ ಮೂರು ದಾರಿಗಳಿವೆ.

ಮೊದಲನೆಯದು ಒಂದನ್ನು ಕೊಂದು ಇನ್ನೊಂದನ್ನು ಬದುಕಿಸುವುದು. ಕೆ.ಎಸ್.ಆರ್.ಟಿ.ಸಿ. ಡಿಪೋದಲ್ಲಿ ಮೂಲೆಗೆ ಸೇರಿದ ಬಸ್ಸಿನ ಡೈನಮೋ ಬಿಚ್ಚಿ ಓಡುವ ಬಸ್ಸಿಗೆ ಕಟ್ಟುವ ಹಾಗೆ. ದೊಡ್ಡವರೂ ಇದನ್ನೇ ಮಾಡುತ್ತಾರೆ. ಜಾಗ್ವಾರಿನ ಬಿಡಿಭಾಗಕ್ಕಾಗಿ ಫ್ರಾನ್ಸಿನವರು ನಿವೃತ್ತಿ ಮಾಡಿದ ವಿಮಾನಗಳನ್ನೇ ತರಿಸುವ ಸುದ್ದಿ 2018ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ತಪ್ಪಲ್ಲ, ಆದರೆ ಇದು ಗಂಟು ಕರಗಿಸಿ ಉಣ್ಣುವ ಸಂಸಾರ. ಹತ್ತು ಸೆಟ್ಟು ಎಂಟಾಗುತ್ತದೆ, ಎಂಟು ಐದಾಗುತ್ತದೆ. ಒಂದು ದಿನ ಬಿಚ್ಚಲು ಏನೂ ಉಳಿಯುವುದಿಲ್ಲ.

ಎರಡನೆಯದು ಪೇಟೆಯಲ್ಲಿ ಹುಡುಕಿ ತರುವುದು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ತಡಕಾಡಿದರೆ ತಾತನ ಕಾಲದ ಪಾರ್ಟೂ ಸಿಗುತ್ತದೆ ಎಂದು ರೇಡಿಯೋ ಕಸುಬಿನವರ ನಂಬಿಕೆ. ಮನೆಯ ಟೇಪ್‌ರೆಕಾರ್ಡರಿಗೆ ಅದು ಸಾಕು. ಮಿಲಿಟರಿಗೆ ಸಾಲದು. ಹಳೆಯ ಚಿಪ್ಪಿನ ಮೇಲಿನ ಹೆಸರು ಉಜ್ಜಿ, ಹೊಸ ಹೆಸರು ಅಚ್ಚೊತ್ತಿ ಮಾರುವ ದಂಧೆ ಪ್ರಪಂಚದಲ್ಲೆಲ್ಲ ಇದೆ. ಅಮೆರಿಕದ ಸೆನೆಟ್ ಸಮಿತಿಯೊಂದು ತನಿಖೆ ಮಾಡಿ 2012ರಲ್ಲಿ ವರದಿ ಕೊಟ್ಟಾಗ, ಅಲ್ಲಿನ ಮಿಲಿಟರಿ ಸರಬರಾಜಿನಲ್ಲಿ ನಕಲಿ ಎಂದು ಅನುಮಾನಪಟ್ಟ ಪ್ರಕರಣಗಳು ಸುಮಾರು 1,800, ಅನುಮಾನದ ಪಾರ್ಟುಗಳು ಹತ್ತು ಲಕ್ಷಕ್ಕೂ ಹೆಚ್ಚು ಎಂದು ಬಯಲಾಯಿತು. ಅಷ್ಟು ದುಡ್ಡಿರುವವರಿಗೇ ಟೋಪಿ ಬಿದ್ದಿತ್ತು.

ಮೂರನೆಯದು ಹೊರಗಿನ ಮೈ ಹಾಗೆಯೇ ಇಟ್ಟು ಒಳಗಿನ ಕರುಳು ಬದಲಿಸುವುದು. ಹಳೆಯ ಬೋರ್ಡಿನ ಜಾಗದಲ್ಲಿ ಅದೇ ಅಳತೆಯ, ಅದೇ ಪ್ಲಗ್ಗಿನ, ಅದೇ ಕೆಲಸ ಮಾಡುವ ಹೊಸ ಬೋರ್ಡು. ವಿಮಾನಕ್ಕೆ ವ್ಯತ್ಯಾಸ ಗೊತ್ತಾಗಬಾರದು. ಇದು ನಿಜವಾದ ಮದ್ದು. ಆದರೆ ಹಳೆಯ ನಕ್ಷೆ ಕೈಯಲ್ಲಿರಬೇಕು, ಓದಬಲ್ಲವರಿರಬೇಕು, ಹಳೆಯದೂ ಹೊಸದೂ ಒಂದೇ ಉತ್ತರ ಕೊಡುತ್ತವೆ ಎಂದು ಪಕ್ಕಪಕ್ಕ ಇಟ್ಟು ರುಜುವಾತು ಮಾಡಬೇಕು. ಹಳೆಯದು ಪೂರ್ತಿ ಸತ್ತ ಮೇಲೆ ಪಕ್ಕಕ್ಕೆ ಇಡುವುದು ಯಾವುದನ್ನು? ಆದ್ದರಿಂದ ಈ ಕೆಲಸ ಯಂತ್ರಕ್ಕೆ ಉಸಿರಿರುವಾಗಲೇ ಆಗಬೇಕು.

“ಇಷ್ಟೆಲ್ಲ ಯಾಕೆ, ಹೊಸದೇ ಕೊಂಡರಾಯ್ತು” ಎನ್ನುವವರಿದ್ದಾರೆ. ಒಪ್ಪಬಹುದಾದ ಮಾತೇ, ಎಲ್ಲ ಕಡೆ ಅಲ್ಲ. ಹೊಸ ಸೆಟ್ಟು ಕೊಂಡರೆ ಹಳೆಯ ಪರೀಕ್ಷೆಗಳನ್ನೆಲ್ಲ ಅದಕ್ಕೆ ಹೊಸದಾಗಿ ಕಲಿಸಬೇಕು, ಕಲಿತದ್ದು ಸರಿಯೇ ಎಂದು ಮತ್ತೆ ನೋಡಬೇಕು. ಇನ್ನು ಐದು ವರ್ಷದಲ್ಲಿ ಇಳಿಯುವ ವಿಮಾನಕ್ಕೆ ಅಷ್ಟು ಖರ್ಚು ದಂಡ. ಇಪ್ಪತ್ತು ವರ್ಷ ಓಡುವುದಕ್ಕೆ ಅದೇ ಲಾಭ. ಲೆಕ್ಕ ಹಾಕಿ ಉಳಿಸಿದರೂ ಸರಿ, ಲೆಕ್ಕ ಹಾಕಿ ಬಿಟ್ಟರೂ ಸರಿ. ಲೆಕ್ಕವೇ ಹಾಕದೆ ಕಡತದ ಮೇಲೆ ಕೂರುವುದು ಮಾತ್ರ ತಪ್ಪು.

ಚೆನ್ನಾಗಿ ಮುಪ್ಪಾದ ಒಂದು ಯಂತ್ರ

ಹಳೆಯದನ್ನು ಮರ್ಯಾದೆಯಿಂದ ನಡೆಸಿದ ಉದಾಹರಣೆಯೂ ಪಕ್ಕದಲ್ಲೇ ಇದೆ. ಎನ್.ಎ.ಎಲ್. ಸಂಸ್ಥೆ ಬೆಂಗಳೂರಿನಲ್ಲಿ ಮೊದಲಿಗೆ ಕೆಲಸ ಶುರುಮಾಡಿದ್ದು ಮೈಸೂರು ಮಹಾರಾಜರ ಜಯಮಹಲ್ ಅರಮನೆಯ ಕುದುರೆ ಲಾಯದಲ್ಲಿ. ಕುದುರೆಗಳಿದ್ದ ಜಾಗದಿಂದ ಹೊರಟವರು 1967ರಲ್ಲಿ 1.2 ಮೀಟರ್ ಅಳತೆಯ ಗಾಳಿ ಸುರಂಗವೊಂದನ್ನು ಓಡಿಸಲು ತೊಡಗಿದರು. ಭಾರಿ ಟ್ಯಾಂಕುಗಳಲ್ಲಿ ಗಾಳಿ ಒತ್ತಿ ತುಂಬುವುದು, ಒಮ್ಮೆಲೇ ಬಿಡುವುದು. ಶಬ್ದದ ನಾಲ್ಕು ಪಟ್ಟು ವೇಗದವರೆಗೂ ಗಾಳಿ ನುಗ್ಗುತ್ತದೆ. ಒಂದು ಸಲಕ್ಕೆ ನಿಮಿಷವೂ ಇಲ್ಲ. ಅಷ್ಟರಲ್ಲಿ ವಿಮಾನ, ರಾಕೆಟ್, ಕ್ಷಿಪಣಿಯ ಪುಟ್ಟ ಮಾದರಿಯ ಮೇಲೆ ಗಾಳಿ ಎಷ್ಟು ಒತ್ತುತ್ತದೆ ಎಂದು ಅಳೆದುಕೊಳ್ಳಬೇಕು.

ದೇಶದ ಉಪಗ್ರಹ ರಾಕೆಟ್ಟುಗಳು, ಅಗ್ನಿ ಕ್ಷಿಪಣಿ, ತೇಜಸ್ ವಿಮಾನ ಇವುಗಳ ಮಾದರಿಗಳೆಲ್ಲ ಈ ಗಾಳಿಗೆ ಮೈಯೊಡ್ಡಿದವು. ಸುರಂಗ ಐವತ್ತು ವರ್ಷ ದಾಟಿತು. ಉಕ್ಕಿನ ಮೈ ಹಳೆಯದೇ. ಆದರೆ ಅದನ್ನು ನಡೆಸುವ ನಿಯಂತ್ರಣ, ಅಳೆದು ಬರೆದುಕೊಳ್ಳುವ ಎಲೆಕ್ಟ್ರಾನಿಕ್ ಭಾಗ ಕಾಲಕಾಲಕ್ಕೆ ಬದಲಾದವು. ಮೇಲೆ ಹೇಳಿದ ಮೂರನೆಯ ದಾರಿ ಎಂದರೆ ಇದೇ. ಇಸ್ರೋ ತನ್ನದೇ ಆದ ಅಂಥ ಸುರಂಗವನ್ನು ತಿರುವನಂತಪುರದಲ್ಲಿ ಮೊದಲ ಬಾರಿಗೆ ಊದಿ ನೋಡಿದ್ದು 2022ರ ಡಿಸೆಂಬರ್ 8ರಂದು. ಅಲ್ಲಿಯವರೆಗಿನ 55 ವರ್ಷ ದೊಡ್ಡ ಭಾರ ಹೊತ್ತದ್ದು ಬೆಂಗಳೂರಿನ ಈ ಮುದುಕ. ಯಂತ್ರವನ್ನು ಉಳಿಸಿಕೊಂಡವರಿಗೆ ಅದು ಎಷ್ಟು ದುಡಿದುಕೊಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೆಬ್ಬಾಳ, ಹೂಟಗಳ್ಳಿಗೆ ಇದರಲ್ಲೇನು?

ಇಲ್ಲಿಗೆ ವಿಷಯ ಮೈಸೂರಿನ ಹೊಟ್ಟೆಪಾಡಿಗೆ ಬರುತ್ತದೆ. ಬೆಳಿಗ್ಗೆ ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ ಕಡೆಯ ಬಸ್ಸುಗಳಲ್ಲಿ ಊಟದ ಡಬ್ಬ ಹಿಡಿದು ನಿಂತವರಲ್ಲಿ ಎಲೆಕ್ಟ್ರಾನಿಕ್ ಕಾರ್ಖಾನೆಗಳಿಗೆ ಹೋಗುವ ಹುಡುಗ ಹುಡುಗಿಯರು ಬಹಳ. 1988ರಲ್ಲಿ ಇಲ್ಲೇ ಹುಟ್ಟಿದ ಕೇನ್ಸ್ ಟೆಕ್ನಾಲಜಿ 2022ರಲ್ಲಿ ಷೇರು ಪೇಟೆಗೆ ಕಾಲಿಟ್ಟಿತು. ಅಗರಬತ್ತಿ ಮನೆತನದ ರಂಗ್‌ಸನ್ಸ್ ಎಲೆಕ್ಟ್ರಾನಿಕ್ಸ್ ಕೈ ಬದಲಾಗಿ ಸೈಯೆಂಟ್ ಡಿ.ಎಲ್.ಎಂ. ಎಂಬ ಹೆಸರಿನಲ್ಲಿ 2023ರಲ್ಲಿ ಅದೇ ಪೇಟೆಗೆ ಹೋಯಿತು. ರಕ್ಷಣೆ, ವಿಮಾನಗಳಿಗೆ ಬೋರ್ಡು ಕಟ್ಟುವುದು ಇವರ ಕಸುಬುಗಳಲ್ಲಿ ಒಂದು. ಬಿ.ಇ.ಎಂ.ಎಲ್. ಮೊದಲಿಂದಲೂ ಇದೆ. 1946ರ ಎನ್.ಐ.ಇ., 1963ರ ಎಸ್.ಜೆ.ಸಿ.ಇ., ಪಾಲಿಟೆಕ್ನಿಕ್ಕು, ಐ.ಟಿ.ಐ.ಗಳು ವರ್ಷವರ್ಷ ಹುಡುಗರನ್ನು ತಯಾರು ಮಾಡುತ್ತಿವೆ. ಹಳೆಯ ಸೆಟ್ಟಿಗೆ ಹೊಸ ಕರುಳು ಜೋಡಿಸಲು ಬೇಕಾದ ಕೈಗಳು ಈ ಊರಲ್ಲಿವೆ.

ಕೇಂದ್ರ ಸರ್ಕಾರ ಎರಡು ಬಾಗಿಲು ತೆರೆಯಿತು. 2020ರ ಮೇ ತಿಂಗಳಲ್ಲಿ ರಕ್ಷಣಾ ಪರೀಕ್ಷಾ ಸೌಕರ್ಯಗಳಿಗಾಗಿ 400 ಕೋಟಿ ರೂಪಾಯಿಯ ಯೋಜನೆ ಪ್ರಕಟವಾಯಿತು. ಖರ್ಚಿನ ಶೇಕಡ 75ರವರೆಗೆ ಸರ್ಕಾರದ ನೆರವು. ಅದೇ ವರ್ಷ ಆಗಸ್ಟಿನಲ್ಲಿ ‘ಸೃಜನ್’ ಎಂಬ ಪೋರ್ಟಲ್ ಬಂತು. ವಿದೇಶದಿಂದ ತರಿಸುತ್ತಿರುವ ಪಾರ್ಟುಗಳ ಪಟ್ಟಿ ಅಲ್ಲಿ ಹಾಕುತ್ತಾರೆ, ಮಾಡಿಕೊಡುತ್ತೇವೆ ಎನ್ನುವ ಇಲ್ಲಿನ ಕಾರ್ಖಾನೆಗಳು ಮುಂದೆ ಬರಬಹುದು.

ಒಳ್ಳೆಯದೇ. ಆದರೆ 2018ರ ಬಜೆಟ್ಟಿನಲ್ಲಿ ರಕ್ಷಣಾ ಕೈಗಾರಿಕಾ ಕಾರಿಡಾರುಗಳನ್ನು ಸಾರಿದಾಗ ಎಲೆ ಹಾಕಿದ್ದು ಉತ್ತರ ಪ್ರದೇಶಕ್ಕೆ ಮತ್ತು ತಮಿಳುನಾಡಿಗೆ. ಎಚ್.ಎ.ಎಲ್., ಬಿ.ಇ.ಎಲ್., ಡಿ.ಆರ್.ಡಿ.ಓ. ಪ್ರಯೋಗಾಲಯಗಳ ಸಾಲನ್ನೇ ಸಾಕಿದ ಕರ್ನಾಟಕ ಪಂಕ್ತಿಯ ಆಚೆ ನಿಂತಿತು.

ಕಷ್ಟ ಅದೊಂದೇ ಅಲ್ಲ. ಹತ್ತು ಬೋರ್ಡಿನ ಕೆಲಸಕ್ಕೂ ಸಾವಿರ ಬೋರ್ಡಿನ ಕೆಲಸಕ್ಕೂ ಟೆಂಡರಿನ ಕಾಗದ ಒಂದೇ ದಪ್ಪ. ಕಡಿಮೆ ದರ ಕೂಗಿದವನಿಗೆ ಕೆಲಸ ಎಂಬ ಪದ್ಧತಿ ಬೆಂಚು ಕುರ್ಚಿ ಕೊಳ್ಳಲು ಸರಿ. ನಲವತ್ತು ವರ್ಷದ ಹಿಂದಿನ ನಕ್ಷೆ ಓದಿ ಮರುಜೀವ ಕೊಡುವ ಕೈಗೆ ಅದು ನ್ಯಾಯವಲ್ಲ. ಹೃದಯದ ಆಪರೇಷನ್ನಿಗೆ ಯಾರೂ ಮೂರು ಕೊಟೇಷನ್ ಕರೆದು ಅಗ್ಗದವನನ್ನು ಆರಿಸುವುದಿಲ್ಲ. ಸಣ್ಣ ಕೈಗಾರಿಕೆಯವನು ಸ್ವಂತ ದುಡ್ಡಿನಲ್ಲಿ ಮಾದರಿ ಮಾಡಿ, ಮಂಜೂರಾತಿಗೆ ಅಲೆದು, ಕೊನೆಗೆ ಆರ್ಡರು ಹತ್ತೇ ಬೋರ್ಡಿಗೆ ಎಂದರೆ ಮುಂದಿನ ಸಲ ಆ ಕಡೆ ತಿರುಗಿಯೂ ನೋಡುವುದಿಲ್ಲ.

ಆಗಬೇಕಾದ್ದೇನು?

ದೊಡ್ಡ ಮಾತು ಬೇಡ, ನಾಲ್ಕು ಸಣ್ಣ ಕೆಲಸ ಸಾಕು.

ಒಂದು: ಪ್ರತಿ ಪರೀಕ್ಷಾ ಸೆಟ್ಟಿಗೂ ಒಂದು ಜಾತಕವಿರಲಿ. ಹುಟ್ಟಿದ ವರ್ಷ, ಅದು ತೂಗುವ ಆಯುಧ ಇನ್ನೆಷ್ಟು ವರ್ಷ ಇರುತ್ತದೆ, ಒಳಗಿನ ಯಾವ ಪಾರ್ಟು ಪೇಟೆಯಲ್ಲಿ ನಿಂತುಹೋಗಿದೆ, ಎಲ್ಲ ಅದರಲ್ಲಿ ಬರಲಿ. ಕಂಪನಿ ಒಂದು ಪಾರ್ಟು ನಿಲ್ಲಿಸುತ್ತೇನೆ ಎಂದು ಸೂಚನೆ ಕೊಟ್ಟಾಗಲೇ ಬೇಕಾದಷ್ಟು ಕೊಂಡಿಟ್ಟುಕೊಳ್ಳುವ ಅಧಿಕಾರ ವರ್ಕ್‌ಶಾಪಿನ ಅಧಿಕಾರಿಗೆ ಇರಲಿ. ಕಡತ ದೆಹಲಿಗೆ ಹೋಗಿ ಬರುವಷ್ಟರಲ್ಲಿ ಮಾಲು ಖಾಲಿಯಾಗಿರುತ್ತದೆ.

ಎರಡು: ಹೊಸ ಆಯುಧ ಕೊಳ್ಳುವ ದಿನವೇ ಅದರ ತಕ್ಕಡಿಯ ನಕ್ಷೆಯನ್ನೂ ಬರೆಸಿಕೊಳ್ಳಲಿ. ಮದುವೆಯ ದಿನ ಕೇಳದ್ದನ್ನು ಇಪ್ಪತ್ತು ವರ್ಷದ ಮೇಲೆ ಬೀಗರು ಕೊಡುವುದಿಲ್ಲ.

ಮೂರು: ನಿವೃತ್ತರಾಗುವ ಟೆಕ್ನಿಷಿಯನ್ನರಿಗೆ ಶಾಲು, ಹಾರದ ಜೊತೆ ಆರು ತಿಂಗಳು ಹುಡುಗರಿಗೆ ಪಾಠ ಹೇಳುವ ಕೆಲಸವನ್ನೂ ಕೊಡಲಿ. ಗುಟ್ಟು ಕಾಯುವ ಕಟ್ಟುಪಾಡಿನೊಳಗೇ ಅವರು ಹೇಳಿದ್ದನ್ನು ಬರೆದಿಡಲಿ.

ನಾಲ್ಕು: ಈ ಊರಿನ ಕಾರ್ಖಾನೆಗಳು, ಕಾಲೇಜುಗಳು ಮತ್ತು ಮಿಲಿಟರಿ ವರ್ಕ್‌ಶಾಪುಗಳ ನಡುವೆ ಸಣ್ಣ ಆರ್ಡರುಗಳಿಗೆ ಒಂದು ನೇರ ದಾರಿಯಾಗಲಿ. ಸಂಸತ್ತಿಗೆ ಹೋಗುವ ಮೈಸೂರಿನ ಪ್ರತಿನಿಧಿಗಳು ಕಾರಿಡಾರಿನ ಪಾಲು ಕೇಳುವಾಗ ಇದನ್ನೂ ಸೇರಿಸಿ ಕೇಳಲಿ. ಫಿರಂಗಿ ಕಾರ್ಖಾನೆ ಕೇಳುವವರು ದೇಶದಲ್ಲಿ ಬೇಕಾದಷ್ಟಿದ್ದಾರೆ. ಫಿರಂಗಿಯ ತಕ್ಕಡಿ ರಿಪೇರಿ ಮಾಡುತ್ತೇವೆ ಎಂದು ಕೇಳುವವರು ಕಡಿಮೆ. ಪೈಪೋಟಿ ಇಲ್ಲದ ಕಡೆ ಅಂಗಡಿ ತೆರೆಯುವುದೇ ಜಾಣತನ ಎಂದು ವರ್ತಕರಿಗೆ ಹೇಳಿಕೊಡಬೇಕೇ?

ಮಿಲಿಟರಿಯ ತಕ್ಕಡಿಗೆ ಗಿರಾಕಿ ಎದುರಿಗೆ ನಿಂತಿರುವುದಿಲ್ಲ. “ತೂಕ ಸರಿಯಾಗಿ ಹಾಕಪ್ಪ” ಎನ್ನುವವರಿಲ್ಲ. ಆ ತಕ್ಕಡಿ ನಂಬಿಕೊಂಡ ಹುಡುಗ ಎಲ್ಲೋ ಸಿಯಾಚಿನ್ನಿನ ಹಿಮದಲ್ಲಿ ರೇಡಿಯೋ ಗುಂಡಿ ಒತ್ತುತ್ತಿರುತ್ತಾನೆ, ಇಲ್ಲವೇ ಮೂವತ್ತು ಸಾವಿರ ಅಡಿ ಮೇಲೆ ಒಬ್ಬನೇ ಕೂತಿರುತ್ತಾನೆ. ಸೆಟ್ಟಿನ ಮೇಲಿನ ಚೀಟಿಯಲ್ಲಿ ‘ಮುಂದಿನ ತಪಾಸಣೆ’ಯ ತಾರೀಖು ದಾಟಿದೆಯೇ ಇಲ್ಲವೇ ಎಂದು ನೋಡಲು ಅವನಿಂದಾಗುವುದಿಲ್ಲ. ಅದನ್ನು ನೋಡಬೇಕಾದವರು ಇಲ್ಲಿ, ನೆಲದ ಮೇಲೆ ಇದ್ದಾರೆ.